ಗಿಡ್ಡಮ್ಮನ ನಾಲಿಗೆ ಮತ್ತು ಆರು ಸೋಸುಬಿಲ್ಲೆಗಳು

ಜಾವಗಲ್ಲಿನ ಗಿಡ್ಡಮ್ಮನ ನಾಲಿಗೆಗೆ ಸಿಕ್ಕಿ ಉಳಿದವರಿಲ್ಲ ಎಂದು ಊರವರು ಹೇಳುವುದು ಅವಳ ಬೈಗುಳದ ವಿಚಾರವಾಗಿ. ಸೊಪ್ಪಿನವನು ಕಂತೆ ಸಣ್ಣದು ಮಾಡಿದರೆ ಬೈಗುಳ, ಬಸ್ಸು ಐದು ನಿಮಿಷ ತಡವಾದರೆ ಬೈಗುಳ, ಗಂಡ ಹನುಮಂತಯ್ಯ ಏನೂ ಮಾಡದೆ ಜಗಲಿಯ ಮೇಲೆ ಕೂತಿದ್ದರೆ ಅದಕ್ಕೂ ಬೈಗುಳ. ಆದರೆ ಆ ನಾಲಿಗೆಗೆ ಇನ್ನೊಂದು ಕಸುಬಿತ್ತು. ಈ ಊರಿನಲ್ಲಿ ಅದು ಗೊತ್ತಿದ್ದದ್ದು ಮೂವರಿಗೆ ಮಾತ್ರ. ಒಬ್ಬಳು ಗಿಡ್ಡಮ್ಮ, ಇನ್ನೊಬ್ಬ ಹನುಮಂತಯ್ಯ, ಮೂರನೆಯವಳು ತೆಂಗಿನಕಾಯಿ ವ್ಯಾಪಾರದ ರಾಜಶೇಖರ್ ಸಾಹುಕಾರರ ಮಗಳು ಅಕ್ಷತಾ.

ಗಿಡ್ಡಮ್ಮ ಕುಂಬಾರರ ಮನೆಯ ಹೆಣ್ಣು. ಚಿಕ್ಕಂದಿನಲ್ಲಿ ಅವಳಿಗೆ ಮಡಕೆಯ ಚೂರು ನೆಕ್ಕುವ ಚಟವಿತ್ತು. ಅವಳವ್ವ ಹೊಡೆದಳು, ಬಾಯಿಗೆ ಬೇವಿನ ರಸ ಹಚ್ಚಿದಳು, ದೇವರಿಗೆ ಹರಕೆ ಹೊತ್ತಳು. ಚಟ ಬಿಡಲಿಲ್ಲ. ಕೊನೆಗೆ ಅವಳಪ್ಪನೇ ಒಂದು ದಿನ ಗಮನಿಸಿದ. ಸರಿಯಾಗಿ ಬೆಂದ ಚೂರಾದರೆ ಹುಡುಗಿ ನಾಲಿಗೆಗೆ ಅಂಟಿಸಿಕೊಂಡು ಕೂರುತ್ತಾಳೆ, ಅರೆಬೆಂದದ್ದಾದರೆ ಥೂ ಎಂದು ಉಗಿಯುತ್ತಾಳೆ. ಅವತ್ತಿನಿಂದ ಮಡಕೆ ಸುಡುವ ಆವಿಗೆ ತೆಗೆದಾಗಲೆಲ್ಲ ಅವನು ಮಗಳನ್ನು ಕರೆಯುತ್ತಿದ್ದ. "ನೋಡವ್ವ, ಬೆಂದೈತಾ?" ಅಂತ ಕೇಳಿದರೆ ಹುಡುಗಿ ನಾಲಿಗೆ ಚಾಚಿ ನೋಡಿ ತಲೆಯಾಡಿಸುತ್ತಿದ್ದಳು. ಹೊಡೆದ ಅವ್ವನೇ ಆಮೇಲೆ ತವರೂರಿನ ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ಮೆರೆದಳು.

ಮುಂದೆ ಮಡಕೆಯ ಕಾಲ ಮುಗಿಯಿತು. ಸ್ಟೀಲು ಬಂತು, ಪ್ಲಾಸ್ಟಿಕ್ಕು ಬಂತು. ಮದುವೆಗೆ ನಾಲ್ಕು ಐರಾಣಿ ಗಡಿಗೆ, ಕಾರ್ತಿಕಕ್ಕೆ ಒಂದಷ್ಟು ಹಣತೆ, ಅಷ್ಟೇ ಉಳಿದದ್ದು. ಗಿಡ್ಡಮ್ಮನ ನಾಲಿಗೆಗೆ ಬೈಯುವ ಕೆಲಸ ಬಿಟ್ಟರೆ ಬೇರೆ ಕೆಲಸವಿಲ್ಲದಂತಾಯಿತು. ಆ ವರ್ಷಗಳು ಹನುಮಂತಯ್ಯನಿಗೆ ಬಹಳ ಕಷ್ಟದವು.

ಅಂಥ ಹೊತ್ತಿನಲ್ಲಿ ಅಕ್ಷತಾ ಎಂಜಿನಿಯರಿಂಗ್ ಮುಗಿಸಿ ಊರಿಗೆ ಬಂದಳು. ಅಪ್ಪನ ಕಾಯಿಮಂಡಿಯ ಹಿಂದೆ ತೆಂಗಿನ ನಾರಿನ ಪುಡಿ ಗುಡ್ಡದಂತೆ ಬಿದ್ದಿತ್ತು. ಹಿಂದಿನ ಶೆಡ್ಡು ಖಾಲಿ ಇತ್ತು. ಜೇಡಿಮಣ್ಣಿಗೆ ಆ ಪುಡಿ ಕಲಸಿ, ರೊಟ್ಟಿಯಗಲದ ಬಿಲ್ಲೆ ತಟ್ಟಿ ಸುಟ್ಟರೆ ನೀರು ಸೋಸುವ ಬಿಲ್ಲೆಯಾಗುತ್ತದೆ ಎಂದು ಅಪ್ಪನನ್ನು ಒಪ್ಪಿಸಿದಳು. ಮೇಲೊಂದು ಪಾತ್ರೆ, ಕೆಳಗೊಂದು ಪಾತ್ರೆ, ನಡುವೆ ಬಿಲ್ಲೆ. ಕರೆಂಟು ಬೇಡ, ಏನೂ ಬೇಡ. ಮಣ್ಣು ತಟ್ಟಲು ಗೊತ್ತಿರುವವರು ಯಾರು ಎಂದು ವಿಚಾರಿಸಿದಾಗ ಊರು ಒಂದೇ ಹೆಸರು ಹೇಳಿತು, ಜೊತೆಗೆ ಎಚ್ಚರಿಕೆಯನ್ನೂ ಹೇಳಿತು.

ಮೊದಲ ದಿನ ಅಕ್ಷತಾ ಗಿಡ್ಡಮ್ಮನನ್ನು ಕೂರಿಸಿಕೊಂಡು ಪಾಠ ಮಾಡಿದಳು.

"ಆಂಟಿ, ಪುಡಿ ಬೆಂಕೀಲಿ ಸುಟ್ಟೋಗುತ್ತೆ. ಅದಿದ್ದ ಜಾಗ ತೂತಾಗಿ ಉಳಿಯುತ್ತೆ. ಪುಡಿ ಎಷ್ಟು ನುಣ್ಣಗಿರುತ್ತೋ ತೂತು ಅಷ್ಟು ಸಣ್ಣ. ಒಂದು ಕೂದಲನ್ನ ನೂರು ಸೀಳು ಮಾಡಿದ್ರೆ ಒಂದು ಸೀಳು ಎಷ್ಟಿರುತ್ತೋ ಅಷ್ಟೇ ಇರಬೇಕು ತೂತು. ಅದಕ್ಕಿಂತ ದೊಡ್ಡದಾದ್ರೆ ಕ್ರಿಮಿ ನುಸುಳುತ್ತೆ. ಜಾಸ್ತಿ ಸುಟ್ರೆ ತೂತೇ ಮುಚ್ಚಿಹೋಗುತ್ತೆ, ನೀರು ಇಳಿಯಲ್ಲ."

"ಕೂದಲನ್ನ ನೂರು ಸೀಳು ಯಾರವ್ವ ಮಾಡಿರೋರು?" ಎಂದಳು ಗಿಡ್ಡಮ್ಮ.

"ಯಾರೂ ಮಾಡಿಲ್ಲ. ಲೆಕ್ಕ ಅಷ್ಟೆ."

"ಹಂಗಾದ್ರೆ ತೂತು ನೋಡೋದೆಂಗೆ?"

ಅಕ್ಷತಾ ಸೈಕಲ್ ಪಂಪು ತೋರಿಸಿದಳು. ನೆನೆಸಿದ ಬಿಲ್ಲೆಯ ಮೇಲೆ ನೀರು ನಿಲ್ಲಿಸಿ ಕೆಳಗಿನಿಂದ ಗಾಳಿ ಒತ್ತಬೇಕು. ತೂತು ದೊಡ್ಡದಿದ್ದರೆ ಸ್ವಲ್ಪ ಒತ್ತಿದರೂ ಗುಳ್ಳೆ ಬರುತ್ತದೆ. ಸಣ್ಣದಿದ್ದರೆ ರಟ್ಟೆ ಬೀಳುವಷ್ಟು ಒತ್ತಬೇಕು. ಪಂಪಿನ ಮೀಟರಿನಲ್ಲಿ ಮುಳ್ಳು ಎಲ್ಲಿಗೆ ಬಂದಾಗ ಮೊದಲ ಗುಳ್ಳೆ ಎದ್ದಿತು ಎಂದು ನೋಡಿದರೆ ತೂತಿನ ಅಳತೆ ಸಿಕ್ಕಂತೆ. ಗಿಡ್ಡಮ್ಮ ಇದನ್ನೆಲ್ಲ ಕೇಳಿಸಿಕೊಂಡು, ಅಕ್ಷತಾ ಪರೀಕ್ಷೆಗೆಂದು ಸುಟ್ಟಿಟ್ಟಿದ್ದ ಒಣ ಬಿಲ್ಲೆಯೊಂದನ್ನು ಎತ್ತಿ ಮೂರು ಕಡೆ ನಾಲಿಗೆ ಮುಟ್ಟಿಸಿ, "ಇದು ಆಗಾಕಿಲ್ಲ ಬಿಡು" ಎಂದು ಪಕ್ಕಕ್ಕಿಟ್ಟಳು. ಅಕ್ಷತಾ ಪಂಪು ಹೊಡೆದಳು. ಎರಡನೇ ಒತ್ತಿಗೇ ಗುಳ್ಳೆ ಎದ್ದಿತು.

ಆಮೇಲೆ ಇಪ್ಪತ್ತು ಬಿಲ್ಲೆ ಇಟ್ಟು ಪಂಪಿಗೂ ನಾಲಿಗೆಗೂ ಪಂದ್ಯವೇ ನಡೆಯಿತು. ಹತ್ತೊಂಬತ್ತರಲ್ಲಿ ಎರಡೂ ಒಂದೇ ಮಾತು ಹೇಳಿದವು. ಇಪ್ಪತ್ತನೆಯದನ್ನು ನಾಲಿಗೆ ಸರಿ ಎಂದಿತು, ಪಂಪು ತಪ್ಪು ಎಂದಿತು. ಬಿಚ್ಚಿ ನೋಡಿದರೆ ಬಿಲ್ಲೆಯ ಕೆಳಗಿನ ವಾಷರು ಸವೆದು ಅಂಚಿನಿಂದ ಗಾಳಿ ಸೋರುತ್ತಿತ್ತು. ಗಿಡ್ಡಮ್ಮನ ತಲೆ ಅವತ್ತು ತಿರುಗಿದ್ದು, ಮುಂದೆ ಒಂದು ವರ್ಷ ನೆಟ್ಟಗಾಗಲಿಲ್ಲ.

"ಒಳ್ಳೆ ಬಿಲ್ಲೆ ನಾಲಗೆ ಕಚ್ಕಂತದೆ. ಒಂದು, ಎರಡು, ಮೂರು ಅನ್ನೋಗಂಟ ಬಿಡಾಕಿಲ್ಲ. ತೂತು ದೊಡ್ಡದಾದ್ರೆ ಒಂದು ಅನ್ನೋದ್ರೊಳಗೆ ಜಾರ್ತದೆ" ಎಂದು ಅವಳು ಅಕ್ಷತಾಳಿಗೇ ತಿರುಗಿ ಪಾಠ ಮಾಡಿದಳು.

ಎಲ್ಲ ಸರಿ, ಒಂದೇ ತೊಡಕು. ಎಂಜಲು! ಶುದ್ಧ ನೀರಿಗಾಗಿ ದುಡ್ಡು ಕೊಟ್ಟು ತರುವ ಬಿಲ್ಲೆಯನ್ನು ಜಾವಗಲ್ಲಿನ ಒಬ್ಬ ಹೆಂಗಸು ನೆಕ್ಕಿ ಕಳಿಸುತ್ತಾಳೆ ಎಂದರೆ ಈ ಸೀಮೆಯಲ್ಲಿ ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ? ಲೋಟಕ್ಕೆ ತುಟಿ ತಾಗಿಸಿದರೇ ಗದರುವ ಊರುಗಳಿವು. ಅಕ್ಷತಾ ಒಂದು ನಿಯಮ ಮಾಡಿದಳು. ನಾಲಿಗೆ ಮುಟ್ಟಿದ ಬಿಲ್ಲೆಯನ್ನು ಅರ್ಧ ಗಂಟೆ ಕುದಿಯುವ ನೀರಿನಲ್ಲಿ ಹಾಕಬೇಕು, ಒಣಗಿಸಬೇಕು, ಆಮೇಲೆ ಪೇಪರು ಸುತ್ತಬೇಕು. ಮತ್ತು ಬಾಯಿ ಬಿಡಬಾರದು. ಎರಡನೆಯದು ಗಿಡ್ಡಮ್ಮನಿಗೆ ಹೆಚ್ಚು ಕಷ್ಟವಾಯಿತು, ಆದರೂ ಪಾಲಿಸಿದಳು. ಶೆಡ್ಡಿನ ಹಿಂದೆ ಗೋಣಿಯ ಪರದೆ ಕಟ್ಟಿ, ಅದರ ಮರೆಯಲ್ಲಿ ತನ್ನ ಕೆಲಸ ನಡೆಸಿದಳು. ರಾಜಶೇಖರ್ ಸಾಹುಕಾರರಿಗೂ ಹೇಳಲಿಲ್ಲ. ಅವರು ದಿನಾ ಹಣೆ ತುಂಬ ವಿಭೂತಿ ಬಳಿದುಕೊಂಡು ಲಿಂಗಪೂಜೆಗೆ ಬಳಸುತ್ತಿದ್ದದ್ದು ಅದೇ ಬಿಲ್ಲೆಯಲ್ಲಿ ಇಳಿದ ನೀರನ್ನು.

ಹೀಗೆ ಒಂದು ವರ್ಷ. ಒಂದೇ ಒಂದು ಬಿಲ್ಲೆ ವಾಪಸು ಬರಲಿಲ್ಲ. "ನನ್ನ ಕೈ ದಾಟಿ ಕೆಟ್ಟದ್ದು ಹೋಗಿಲ್ಲ" ಎಂದು ಗಿಡ್ಡಮ್ಮ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ಹೇಳುವುದು ಕೈ, ದುಡಿಯುವುದು ನಾಲಿಗೆ.

ಇಂಥವಳ ನಾಲಿಗೆ ಸುಟ್ಟದ್ದು ಹಗರೆಯಲ್ಲಿ, ನಾದಿನಿಯ ಮಗಳ ಮದುವೆಯಲ್ಲಿ. ಊಟ ಗಡದ್ದಾಗಿತ್ತು. ಊಟದ ಮೇಲೆ ಎಲೆಯಡಿಕೆಯ ತಟ್ಟೆ ಬಂತು. ಗಿಡ್ಡಮ್ಮ ಬೀಗರ ಕಡೆಯ ಹೆಂಗಸೊಬ್ಬಳಿಗೆ ಪಲ್ಯಕ್ಕೆ ಉಪ್ಪು ಸಾಲದೆ ಹೋದ ವಿಚಾರವನ್ನು ವಿವರಿಸುತ್ತಾ, ಎಲೆಯ ಕಡೆ ನೋಡದೆ ಸುಣ್ಣ ಬಳಿದಳು. ಮಾತು ಉದ್ದವಾಯಿತು, ಸುಣ್ಣವೂ ಉದ್ದವಾಯಿತು. ಮಡಿಚಿ ಬಾಯಿಗಿಟ್ಟ ಮೇಲೆ ಉಪ್ಪಿನ ವಿಚಾರ ಅರ್ಧಕ್ಕೇ ನಿಂತಿತು. ನಲವತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಮಾತು ನಡುವೆ ನಿಲ್ಲಿಸಿದ್ದನ್ನು ಹನುಮಂತಯ್ಯ ಅವತ್ತೇ ಮೊದಲು ಕಂಡದ್ದು. ಗಾಬರಿಯಾಗಿ ಓಡಿ ಬಂದ.

"ಏನಾಯ್ತಮ್ಮಿ?"

ಗಿಡ್ಡಮ್ಮ ನಾಲಿಗೆ ಹೊರಹಾಕಿ ತೋರಿಸಿದಳು. ಬೆಳ್ಳಗೆ ಬೊಬ್ಬೆಯೆದ್ದಿತ್ತು. ತುಪ್ಪ ಸವರಿದರು, ಕೊಬ್ಬರಿ ಅಗಿಸಿದರು. ಉರಿ ಇಳಿಯಿತು, ಆದರೆ ನಾಲಿಗೆ ದಿಂಡಿನಂತೆ ಮರಗಟ್ಟಿತು.

ಮಾರನೆಯ ದಿನವೇ ಹಳೇಬೀಡಿನ ಅಂಗನವಾಡಿಗೆ ಆರು ಬಿಲ್ಲೆ ಕಳಿಸಬೇಕಿತ್ತು. ಅಕ್ಷತಾ ಪಂಪಿನ ಕೆಟ್ಟ ಮೀಟರನ್ನು ರಿಪೇರಿಗೆ ಹಿಡಿದುಕೊಂಡು ಹಾಸನಕ್ಕೆ ಹೋಗಿದ್ದಳು. "ಆಂಟಿ, ನೀವಿದ್ದೀರಲ್ಲ, ಸಾಕು" ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಗಿಡ್ಡಮ್ಮ ಪರದೆಯ ಹಿಂದೆ ಕೂತು ಬಿಲ್ಲೆಗೆ ನಾಲಿಗೆ ಇಟ್ಟಳು. ಹಿಡಿಯಿತೋ ಬಿಟ್ಟಿತೋ ಒಂದೂ ತಿಳಿಯಲಿಲ್ಲ. ಇನ್ನೊಮ್ಮೆ ಇಟ್ಟಳು. ಊಹೂಂ. ಆಗಲೇ ಎದ್ದು ಹೋಗಿ "ನನ್ನ ನಾಲಗೆ ಸುಟ್ಟೈತೆ, ನಾಕು ದಿನ ತಡೀರಿ" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಪಂಪನ್ನೇ ಸೋಲಿಸಿದವಳು ಎಲೆಯಡಿಕೆಗೆ ಸೋತೆ ಎಂದು ಹೇಳುವುದುಂಟೆ? ಬಣ್ಣ ಚೆನ್ನಾಗಿತ್ತು, ಬೆರಳಿನಿಂದ ತಟ್ಟಿದರೆ ದನಿಯೂ ಚೆನ್ನಾಗಿತ್ತು. ಒಂದು ಎರಡು ಮೂರು ಎಂದು ಸುಮ್ಮನೆ ಎಣಿಸಿ, ಆರನ್ನೂ ಪಾಸು ಮಾಡಿ ಕಳಿಸಿಬಿಟ್ಟಳು.

ಐದನೆಯ ದಿನ ಸಾರಿನ ಹುಳಿ ಗೊತ್ತಾಯಿತು. ನಾಲಿಗೆ ಬಂತಲ್ಲ ಎಂಬ ಸಂತೋಷಕ್ಕೆ ಗಿಡ್ಡಮ್ಮ ಶೆಡ್ಡಿಗೆ ಹೋಗಿ, ಅದೇ ಆವಿಗೆಯಲ್ಲಿ ಉಳಿದಿದ್ದ ಏಳನೆಯ ಬಿಲ್ಲೆಯನ್ನು ಎತ್ತಿ ನಾಲಿಗೆಗೆ ಇಟ್ಟಳು. ಒಂದು ಅನ್ನುವುದರೊಳಗೆ ಜಾರಿತು. ಇನ್ನೊಂದು ಕಡೆ ಇಟ್ಟಳು, ಅಲ್ಲೂ ಜಾರಿತು. ಓಡಿಹೋಗಿ ನಾರಿನ ಪುಡಿಯ ಜರಡಿ ನೋಡಿದಳು. ಅಂಚಿನಲ್ಲಿ ನಾಲ್ಕು ಬೆರಳು ಹಿಡಿಸುವಷ್ಟು ಹರಿದಿತ್ತು. ಆ ಆವಿಗೆಯ ಬಿಲ್ಲೆಗಳಿಗೆ ಪುಡಿಯೆಲ್ಲ ದಪ್ಪನೆಯದೇ ಬಿದ್ದಿತ್ತು. ಅಂಗನವಾಡಿಯಲ್ಲಿ ಮೂವತ್ತು ಮಕ್ಕಳು, ಮೂರು ನಾಲ್ಕು ವರ್ಷದವು, ಶುದ್ಧ ನೀರು ಎಂದು ನಂಬಿ ಅದನ್ನೇ ಕುಡಿಯುತ್ತಿವೆ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಹನುಮಂತಯ್ಯ ನಿಧಾನಸ್ಥ. ಬೀಡಿ ಆರಿಸಿ, ಯೋಚಿಸಿ ಹೇಳಿದ.

"ಬಾಯ್ ಮುಚ್ಕಂಡಿರಮ್ಮಿ. ಹೋಯ್ತಿದ್ದಂಗೆ ಹೆಂಗೆ ಗೊತ್ತಾಯ್ತು ಅಂತಾರೆ. ನೆಕ್ಕಿ ನೋಡ್ದೆ ಅಂತೀಯಾ? ಅಲ್ಲಿಗೆ ಶೆಡ್ಡೂ ಹೋಯ್ತು, ನಿನ್ ಕೆಲ್ಸಾನೂ ಹೋಯ್ತು. ನಾವೆಲ್ಲ ಕೆರೆ ನೀರು ಕುಡ್ಕಂಡೇ ಬೆಳೆದಿಲ್ವಾ?"

"ನಿಮ್ ಜೊತೆ ಹುಟ್ಟಿದೋರು ಎಷ್ಟು ಜನ?"

"ಒಂಬತ್ತು."

"ಬೆಳೆದೋರು?"

ಹನುಮಂತಯ್ಯ ಮತ್ತೆ ಬೀಡಿ ಹಚ್ಚಿದ. ಬೆಳೆದವರು ನಾಲ್ವರು. ಗಿಡ್ಡಮ್ಮ ಚೀಲಕ್ಕೆ ಹಳೆಯ ಒಳ್ಳೆಯ ಬಿಲ್ಲೆಯ ಚೂರೊಂದನ್ನು ಹಾಕಿಕೊಂಡು ಹನ್ನೊಂದರ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಯಾರನ್ನೂ ಬೈಯಲಿಲ್ಲ. ಕಂಡಕ್ಟರು ಹುಷಾರಿಲ್ಲವೇ ಎಂದು ಕೇಳಿದ.

ಹಳೇಬೀಡಿನ ಅಂಗನವಾಡಿಯ ಸುಮಿತ್ರಮ್ಮ ಟೀಚರು ಮಡಿ, ಚೊಕ್ಕಟಕ್ಕೆ ಹೆಸರಾದವರು. ತೊಳೆದ ಲೋಟವನ್ನು ಮತ್ತೆ ತೊಳೆಯುವವರು. ಮಕ್ಕಳಿಗೆ ಅ ಆ ಇ ಈ ಕಲಿಸುವ ಮೊದಲು ಲೋಟ ಎತ್ತಿ ಕುಡಿಯುವುದನ್ನು ಕಲಿಸಿದ್ದರು. ಹಾಗಾಗಿ ಅಲ್ಲಿನ ಮಕ್ಕಳು ನೀರು ಕುಡಿದರೆ ಕಾಲು ಭಾಗ ಬಾಯಿಗೆ, ಮುಕ್ಕಾಲು ಭಾಗ ಅಂಗಿಗೆ. ಇಂಥವರ ಮುಂದೆ ನಾಲಿಗೆಯ ಕಥೆ ಹೇಳಬೇಕಾಗಿ ಬಂದದ್ದು ಗಿಡ್ಡಮ್ಮನ ಗ್ರಹಚಾರ.

"ಬಾ ಗಿಡ್ಡಮ್ಮ!" ಎಂದು ಸುಮಿತ್ರಮ್ಮ ಬಾಯಿ ತುಂಬ ಕರೆದರು. "ಈ ಸಲದ ಬಿಲ್ಲೆ ಚಿನ್ನದಂಗೈತೆ ಕಣೇ. ಮೊದ್ಲಿನದ್ರಲ್ಲಿ ಸಾಯಂಕಾಲ ಸುರಿದ್ರೆ ಬೆಳಿಗ್ಗೆಗೆ ಒಂದು ಕೊಡ. ಇದ್ರಲ್ಲಿ ಮಕ್ಕಳ ಒಂದು ಹಾಡು ಮುಗಿಯೋದ್ರೊಳಗೆ ಅರ್ಧ ಕೊಡ ಇಳಿದಿರ್ತದೆ. ಎರಡು ಹಾಕಿದ್ದೀನಿ, ನಾಲ್ಕು ಹಂಗೇ ಪೇಪರ್‌ನಲ್ಲೈತೆ."

ಹೊಗಳಿಕೆ ಕೇಳಿ ಗಿಡ್ಡಮ್ಮನಿಗೆ ಅಳು ಬರುವಂತಾಯಿತು. "ಆ ಬಿಲ್ಲೆಗಳ್ನ ವಾಪಸ್ ಕೊಡಿ ಟೀಚರಮ್ಮ, ಬೇರೆ ತಂದ್ಕೊಡ್ತೀನಿ" ಎಂದಳು.

"ಯಾಕೆ?"

"ಬಣ್ಣ ಸರಿಯಿಲ್ಲ."

"ಬಣ್ಣ ಕಟ್ಕಂಡು ನಾನೇನ್ ಮಾಡ್ಲಿ? ಇರ್ಲಿ ಬಿಡು."

"ಆವಿಗೆಗೆ ಇಟ್ಟ ದಿನ ಅಮಾಸೆ ಇತ್ತು."

"ಈ ತಿಂಗ್ಳ ಅಮಾಸೆ ಇನ್ನೂ ಬಂದೇ ಇಲ್ಲ. ನಂಗೆ ಹೇಳ್ಕೊಡ್ತೀಯಾ?"

ಸುಮಿತ್ರಮ್ಮನವರಿಗೆ ಅನುಮಾನ ಬಂತು. ಚೆನ್ನಾಗಿರುವುದನ್ನು ನಮ್ಮಿಂದ ಕಿತ್ತು ಯಾರೋ ದೊಡ್ಡವರಿಗೆ ಕೊಡಲು ಬಂದಿದ್ದಾಳೆ ಎಂದುಕೊಂಡು, ಬಿಲ್ಲೆಗಳಿದ್ದ ಕಪಾಟಿಗೆ ಬೆನ್ನು ಕೊಟ್ಟು ನಿಂತರು. ಅಷ್ಟರಲ್ಲಿ ಆಟ ಮುಗಿಸಿದ ಮಕ್ಕಳು ಲೋಟ ಹಿಡಿದು ನೀರಿಗೆ ಸಾಲು ನಿಂತವು. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ಇಬ್ಬರು ಮೂವರು ತಾಯಂದಿರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುಂದಿದ್ದ ಮಗು ಲೋಟ ಎತ್ತಿ ಬಾಯಿ ತೆರೆಯಿತು.

"ಕುಡೀಬ್ಯಾಡ ಕಂದಾ!" ಎಂದು ಗಿಡ್ಡಮ್ಮ ಕೂಗಿ ಲೋಟ ಕಸಿದುಕೊಂಡಳು. "ಟೀಚರಮ್ಮ, ತೂತು ದೊಡ್ಡದಾಗೈತೆ. ಅದಕ್ಕೇ ನೀರು ಹಂಗೆ ಓಡ್ತೈತೆ. ಕ್ರಿಮಿನೂ ಜೊತೇಲೇ ಓಡ್ತಾವೆ. ತಪ್ಪು ನಂದು."

"ಕಣ್ಣಿಗೆ ಕಾಣದ ತೂತು ನಿಂಗೆಂಗೆ ಗೊತ್ತಾಯ್ತು?"

ಹನುಮಂತಯ್ಯ ಹೇಳಿದ್ದ ಪ್ರಶ್ನೆಯೇ ಬಂತು. ಗಿಡ್ಡಮ್ಮ ಟೀಚರ ಪಕ್ಕದಿಂದ ಕೈ ತೂರಿಸಿ ಪೇಪರು ಸುತ್ತಿದ್ದ ಒಣ ಬಿಲ್ಲೆಯೊಂದನ್ನು ಎಳೆದು, ಹೊಸ್ತಿಲಿಗೆ ಕುಕ್ಕಿ ಒಡೆದಳು. ಚೀಲದಿಂದ ಒಳ್ಳೆಯ ಚೂರು ತೆಗೆದು ನಾಲಿಗೆಯ ತುದಿಗೆ ಒತ್ತಿ, ಕೈ ಬಿಟ್ಟಳು. ಚೂರು ನಾಲಿಗೆಗೆ ನೇತಾಡಿತು. ನಾಲಿಗೆ ಹೊರಗಿದ್ದುದರಿಂದ ಬೆರಳು ಮಡಿಚಿ ಒಂದು, ಎರಡು, ಮೂರು ಎಂದು ತೋರಿಸಿದಳು. ಆಮೇಲೆ ಈಗ ಒಡೆದ ಬಿಲ್ಲೆಯ ಚೂರು ಇಟ್ಟಳು. ಅದು ಇಟ್ಟ ತಕ್ಷಣ ಬಿತ್ತು. ಇನ್ನೊಂದು ಚೂರು ಇಟ್ಟಳು, ಅದೂ ಬಿತ್ತು.

ಮಕ್ಕಳು ಚಪ್ಪಾಳೆ ತಟ್ಟಿದವು. ನಂಗೂ ಬೇಕು, ನಂಗೂ ಬೇಕು ಎಂದು ಮೂವತ್ತು ನಾಲಿಗೆ ಹೊರಬಂದವು. ಒಬ್ಬ ತಾಯಿ ಅಷ್ಟರಲ್ಲಿ ಎಲ್ಲವನ್ನೂ ಫೋನಿನಲ್ಲಿ ಹಿಡಿದಾಗಿತ್ತು.

ಸುಮಿತ್ರಮ್ಮ ನಗಲಿಲ್ಲ. ಅವರ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು.

"ಅಂದ್ರೆ ಹೋದ ವರ್ಷದಿಂದ ಬಂದ ಬಿಲ್ಲೆಯೆಲ್ಲ..."

"ಹೂಂ ಟೀಚರಮ್ಮ. ಎಲ್ಲಾ ನೆಕ್ಕಿದ್ದೀನಿ. ಆಮೇಲೆ ಅರ್ಧ ಗಂಟೆ ಕುದಿಸೇ ಕಳಿಸಿರೋದು. ಈ ಆರು ಮಾತ್ರ, ಸುಣ್ಣಕ್ಕೆ ನಾಲಗೆ ಸುಟ್ಟೋಗಿತ್ತು, ಗೊತ್ತಾಗ್ನಿಲ್ಲ. ಜಂಬ ನಂದು, ಹೇಳ್ನಿಲ್ಲ."

ಸುಮಿತ್ರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಐದು ಬಿಲ್ಲೆಯನ್ನೂ ಒಡೆದ ಒಂದರ ಚೂರುಗಳನ್ನೂ ಚೀಲಕ್ಕೆ ಹಾಕಿ ಅವಳ ಕೈಗಿತ್ತರು. ಬಾಗಿಲವರೆಗೂ ಬರಲಿಲ್ಲ. ಅವರು ಬೈದಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ಗಿಡ್ಡಮ್ಮನಿಗೆ ಅನ್ನಿಸಿತು.

ಬಸ್ಸಿಗಿಂತ ಮೊದಲೇ ವಿಡಿಯೊ ಜಾವಗಲ್ ಮುಟ್ಟಿತ್ತು. ರಾಜಶೇಖರ್ ಸಾಹುಕಾರರು ಕೊಬ್ಬರಿ ಚೀಲದ ಮೇಲೆ ಕುಸಿದು ಕೂತಿದ್ದರು. ಪಕ್ಕದಲ್ಲಿ ಅಕ್ಷತಾ ತಲೆ ತಗ್ಗಿಸಿ ನಿಂತಿದ್ದಳು.

"ಗಿಡ್ಡಮ್ಮಾ, ನಾನು ಲಿಂಗಕ್ಕೆ ಎರೀತಿದ್ದದ್ದು ಅದೇ ನೀರು ಕಣಮ್ಮಾ!"

"ಗೊತ್ತು ಸಾವ್ಕಾರ್ರೆ. ನಿಮ್ದಂತ ಅದನ್ನ ಒಂದು ಗಂಟೆ ಕುದಿಸಿದ್ದೆ."

ಸಾಹುಕಾರರಿಗೆ ಇದರಿಂದ ಸಮಾಧಾನವಾದಂತೆ ಕಾಣಲಿಲ್ಲ. ರಿಪೇರಿಯಾದ ಮೀಟರು ಬಂದಿದೆ, ಇನ್ನು ಮುಂದೆ ಪಂಪು ಹೇಳಿದ್ದೇ ಮಾತು, ಗಿಡ್ಡಮ್ಮ ಮಣ್ಣು ಕಲಸಲಿ, ಬಿಲ್ಲೆ ತಟ್ಟಲಿ, ಸುಟ್ಟ ಬಿಲ್ಲೆಯ ಹತ್ತಿರ ಮುಖ ತರಕೂಡದು ಎಂದು ಅಪ್ಪಣೆಯಾಯಿತು. ಗೋಣಿಯ ಪರದೆ ಬಿಚ್ಚಿದರು. ಆಚೆ ಈಚೆಯ ಊರುಗಳಿಂದ ಹನ್ನೊಂದು ಬಿಲ್ಲೆ ವಾಪಸು ಬಂದವು, ಎಲ್ಲವೂ ಚೆನ್ನಾಗಿದ್ದವೇ. ಗಿಡ್ಡಮ್ಮ ಎದುರಾಡದೆ ಹೊಸ ಜರಡಿ ತಂದು ಪುಡಿ ಸಾಣಿಸಿದಳು, ಬಿಲ್ಲೆ ತಟ್ಟಿದಳು. ಆವಿಗೆ ತೆಗೆದ ದಿನ ಮಾತ್ರ ಶೆಡ್ಡಿನಲ್ಲಿ ನಿಲ್ಲಲಾಗದೆ ಹೊರಗೆ ಹೋಗಿ ತೆಂಗಿನಮರದ ಕೆಳಗೆ ಕೂತಳು. ಅಪ್ಪ ಮಡಕೆ ಹಿಡಿದು ಕರೆಯುತ್ತಿದ್ದ ದಿನದಿಂದ ಇಲ್ಲಿಯವರೆಗೆ, ಬೆಂದ ಮಣ್ಣು ಎದುರಿಗಿದ್ದೂ ತನ್ನನ್ನು ಯಾರೂ ಕೇಳದೆ ಇದ್ದದ್ದು ಅದೇ ಮೊದಲು. ಅವಳಿಗೆ ತುಂಬ ನೋವಾಯಿತು.

ಎರಡು ವಾರ ಕಳೆದ ಮೇಲೆ ಸುಮಿತ್ರಮ್ಮ ಟೀಚರೇ ಜಾವಗಲ್ಲಿಗೆ ಬಂದರು. ಸಾಹುಕಾರರು ಕುರ್ಚಿ ಹಾಕಿಸಿ, ಎಳನೀರು ಕೊಡಿಸಿ, ಆರು ಹೊಸ ಬಿಲ್ಲೆಗಳನ್ನು ಸಾಲಾಗಿ ಇಡಿಸಿದರು. ಅಕ್ಷತಾ ಒಂದೊಂದಕ್ಕೂ ಪಂಪು ಹೊಡೆದು ತೋರಿಸಿದಳು. ಮುಳ್ಳು ಕೆಂಪು ಗೆರೆ ದಾಟುವವರೆಗೂ ಒಂದೂ ಗುಳ್ಳೆ ಏಳಲಿಲ್ಲ.

"ನೋಡಿ ಟೀಚರೇ, ಈಗ ಎಲ್ಲಾ ಮಿಷಿನ್ನೇ. ಯಾರ ಬಾಯೂ ಸೋಕಿಲ್ಲ" ಎಂದರು ಸಾಹುಕಾರರು.

"ಚೆನ್ನಾಗೈತೆ. ಗಿಡ್ಡಮ್ಮ ನೋಡಿದ್ಲಾ?"

"ಇಲ್ಲ ಇಲ್ಲ. ಅವಳು ಹತ್ರಾನೂ ಬರಲ್ಲ."

"ಹಂಗಾದ್ರೆ ನಂಗೆ ಬ್ಯಾಡ."

ಬಾಗಿಲ ಹೊರಗೆ ಮಣ್ಣು ತುಳಿಯುತ್ತಿದ್ದ ಗಿಡ್ಡಮ್ಮನೇ ಒಳಗೆ ಬಂದಳು. ಕಾಲು ಮೊಣಕಾಲಿನವರೆಗೂ ಕೆಸರು.

"ಟೀಚರಮ್ಮ, ತಪ್ಪು ಮಾಡಿದೋಳು ನಾನೇ ಅಲ್ವಾ? ಪಂಪು ಮಾಡಿಲ್ಲ. ಮತ್ತೆ ನನ್ನೇ ಯಾಕೆ ಕೇಳ್ತೀರಿ?"

"ಅದೇ ಕಣೇ ನಾನೂ ಯೋಚ್ನೆ ಮಾಡಿದ್ದು" ಎಂದರು ಸುಮಿತ್ರಮ್ಮ. "ಪಂಪು ತಪ್ಪು ಮಾಡಿದ್ರೆ ಬಸ್ ಹತ್ಕಂಡು ಹಳೇಬೀಡಿಗೆ ಬಂದು ಹೇಳ್ತದಾ?"

ಬೈಗುಳಕ್ಕೆ ಎಂದೂ ಬರವಿಲ್ಲದ ಗಿಡ್ಡಮ್ಮನಿಗೆ ಒಂದು ಒಳ್ಳೆಯ ಮಾತಿಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋದರೆ ಕೈಯೂ ಕೆಸರು.

"ಒಂದು ಗಂಟೆ ಕುದಿಸ್ಬೇಕು, ಅರ್ಧ ಗಂಟೆ ಅಲ್ಲ" ಎಂದು ಸುಮಿತ್ರಮ್ಮ ಗದರಿದರು. "ಮತ್ತೆ ನಾನು ನೋಡೋದಿಲ್ಲ. ಆ ಕಡೆ ತಿರುಕ್ಕಂಡಿರ್ತೀನಿ."

ಟೀಚರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು. ಸಾಹುಕಾರರು ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ತಾವೂ ಒಂದು ಕುರ್ಚಿ ಎಳೆದುಕೊಂಡು ಅದೇ ಗೋಡೆಗೆ ಮುಖ ಮಾಡಿದರು. ಅಕ್ಷತಾ ಒಲೆ ಹಚ್ಚಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಳು. ನೆನೆದ ಬಿಲ್ಲೆಗಳು ಬಿಸಿಲಿನಲ್ಲಿ ಒಣಗುವವರೆಗೂ ಎಲ್ಲರೂ ಕಾದರು. ಆಮೇಲೆ ಗಿಡ್ಡಮ್ಮ ಕೈಕಾಲು ತೊಳೆದು, ಮೂರು ಸಲ ಬಾಯಿ ಮುಕ್ಕಳಿಸಿ, ಮೊದಲನೆಯ ಬಿಲ್ಲೆಯನ್ನು ಕೈಗೆತ್ತಿಕೊಂಡಳು.